ಪದಚರ್ಚೆ: ಹಂಗೇರಿಯ ಜರ್ಮನ್ ಹಳ್ಳಿಗಳ ಚರ್ಚ್ ದಾಖಲೆಯಲ್ಲಿ ಬರುವ 'ಇನ್‌ಕ್ವಿಲಿನುಸ್' ಮತ್ತು ಇತರ ಪದಗಳು

ಮಾನ್ಯರೇ,

ನಮ್ಮ ಮಗಳನ್ನು ಸ್ಟುಟ್‌ಗಾರ್ಟಿನ ಒಂದು ಮನೆಗೆ ಕೊಟ್ಟಿದ್ದೇವೆ. ಬೀಗಿತಿಯವರ ತಾಯಿ ಹುಟ್ಟಿದ್ದು ಜರ್ಮನಿಯಲ್ಲಲ್ಲ, ಹಂಗೇರಿಯ ತೊಲ್ನಾ ಜಿಲ್ಲೆಯ ಬೊನ್ಯಹಾದ್ ಪಟ್ಟಣಕ್ಕೆ ಸಮೀಪದ ಒಂದು ಹಳ್ಳಿಯಲ್ಲಿ. ಎರಡನೆಯ ಮಹಾಯುದ್ಧದ ನಂತರ, 1946ರ ಜನವರಿ 19ರಂದು ಬುಡಾಪೆಸ್ಟ್ ಪಕ್ಕದ ಬುದಾಯೋರ್ಶ್‌ನಿಂದ ಆರಂಭವಾದ, ಹಂಗೇರಿಯ ಜರ್ಮನರ ಗಡೀಪಾರಿನ ಸರದಿ ತೊಲ್ನಾ ಸೀಮೆಗೂ ಬಂದಾಗ ಆ ಕುಟುಂಬ ಊರು ಬಿಟ್ಟಿತು. ಮೊಮ್ಮಗಳಿಗಾಗಿ ಎರಡೂ ಕಡೆಯ ವಂಶಾವಳಿಯನ್ನು ಕನ್ನಡದಲ್ಲಿ ಬರೆದಿಡಲು ಹೊರಟಿದ್ದೇನೆ. ನಮ್ಮ ಕಡೆಯದು ಐದು ತಲೆಮಾರಿಗೆ ನಿಂತುಹೋಯಿತು. ಅವರ ಕಡೆಯದು ಚರ್ಚಿನ ಪುಸ್ತಕಗಳ ದೆಸೆಯಿಂದ, ತುರ್ಕರು ಹಿಂದೆ ಸರಿದ ಮೇಲೆ ಬರಿದಾಗಿದ್ದ ಆ ನೆಲಕ್ಕೆ ಜಹಗೀರುದಾರರು ಜರ್ಮನ್ ರೈತರನ್ನು ಕರೆತಂದ 1720ರ ದಶಕದವರೆಗೂ ಹೋಯಿತು. ಹೆಸರುಗಳು ಸಿಕ್ಕಿವೆ, ಆದರೆ ಹೆಸರುಗಳ ಪಕ್ಕದಲ್ಲಿ ಪಾದ್ರಿಗಳು ಲ್ಯಾಟಿನ್ನಿನಲ್ಲಿ ಬರೆದಿಟ್ಟ ಒಂದೆರಡು ಪದಗಳಿಗೆ ಒಪ್ಪುವ ಕನ್ನಡ ಸಿಗುತ್ತಿಲ್ಲ.

ಮುಖ್ಯವಾದದ್ದು 'ಇನ್‌ಕ್ವಿಲಿನುಸ್'. ಮನೆಯ ಯಜಮಾನನ ಹೆಸರಿನ ಮುಂದೆ 'ಕೊಲೋನುಸ್', 'ಇನ್‌ಕ್ವಿಲಿನುಸ್', 'ಸಬ್‌ಇನ್‌ಕ್ವಿಲಿನುಸ್' ಎಂಬ ಮೂರರಲ್ಲಿ ಒಂದು ಮತ್ತೆ ಮತ್ತೆ ಬರುತ್ತದೆ. ಲ್ಯಾಟಿನ್ ನಿಘಂಟನ್ನು ತೆರೆದರೆ ಇನ್‌ಕ್ವಿಲಿನುಸ್ ಎಂದರೆ ಬಾಡಿಗೆದಾರ, ಪರರ ಮನೆಯಲ್ಲಿ ಇರುವವನು ಎಂದಿದೆ. ನಾನೂ ಮೊದಲು ಹಾಗೆಯೇ ಬರೆದೆ, ಅದು ತಪ್ಪು. ಹಂಗೇರಿಯ ಆಡಳಿತದ ಲ್ಯಾಟಿನ್ನಿನಲ್ಲಿ ಅದು 'ಜೆಲ್ಲೇರ್' ಎಂಬ ಹಂಗೇರಿಯನ್ ಪದಕ್ಕೆ ಬದಲಾಗಿ ನಿಂತ ಪದ. ಮರಿಯಾ ತೆರೇಸಾ ರಾಣಿ 1767ರಲ್ಲಿ ಹೊರಡಿಸಿದ ಉರ್ಬಾರಿಯುಮ್ ಎಂಬ ಕಟ್ಟಳೆಯ ಪ್ರಕಾರ ಒಂದು ಪೂರ್ಣ ಹಿಡುವಳಿಯನ್ನೋ ಅದರ ಅರ್ಧ, ಕಾಲು, ಎಂಟನೆಯ ಒಂದು ಪಾಲನ್ನೋ ಹೊಂದಿದವನು ಕೊಲೋನುಸ್. ಎಂಟನೆಯ ಒಂದಕ್ಕಿಂತ ಕಡಿಮೆ ನೆಲವಿದ್ದು ಇರಲು ಮನೆಯುಳ್ಳವನು ಇನ್‌ಕ್ವಿಲಿನುಸ್. ಮನೆಯೂ ಇಲ್ಲದೆ ಇನ್ನೊಬ್ಬರ ಸೂರಿನಡಿ ಇರುವವನು ಸಬ್‌ಇನ್‌ಕ್ವಿಲಿನುಸ್. ಅಂದರೆ ನಿಘಂಟು ಯಾರಿಗೆ ಮನೆಯಿಲ್ಲ ಎನ್ನುತ್ತದೆಯೋ ಅವನಿಗೆ ಇದ್ದದ್ದೇ ಮನೆಯೊಂದು. ಜಹಗೀರುದಾರನಿಗೆ ಸಲ್ಲಬೇಕಾದ ಬಿಟ್ಟಿಯೂ ಇದೇ ಲೆಕ್ಕದ ಮೇಲೆ ನಿಂತಿತ್ತು: ಪೂರ್ಣ ಹಿಡುವಳಿಗೆ ವರ್ಷಕ್ಕೆ ಎತ್ತುಗಾಡಿ ಸಮೇತ 52 ದಿನ ಅಥವಾ ಬರಿಗೈಯಲ್ಲಿ 104 ದಿನ, ಮನೆಯುಳ್ಳ ಜೆಲ್ಲೇರನಿಗೆ 18 ದಿನ, ಮನೆಯಿಲ್ಲದವನಿಗೆ 12 ದಿನ. ಹಾಗಾಗಿ ಈ ಮೂರು ಪದಗಳನ್ನು ಒಂದೇ 'ರೈತ'ನಲ್ಲಿ ಮುಳುಗಿಸಿಬಿಟ್ಟರೆ, ತಂದೆ ಕೊಲೋನುಸ್ ಆಗಿದ್ದು ಮಗ ಇನ್‌ಕ್ವಿಲಿನುಸ್ ಆದ, ಅಂದರೆ ನೆಲ ಪಾಲಾಗಿ ಕರಗಿತು ಎಂಬ ಕುಟುಂಬದ ಕಥೆಯೇ ಕಾಣದೆ ಹೋಗುತ್ತದೆ.

ಕೊಲೋನುಸ್‌ಗೆ 'ಹಿಡುವಳಿ ಒಕ್ಕಲು' ಎನ್ನಬಹುದೆಂದು ತೋರುತ್ತದೆ. ನಮ್ಮ ಮಲೆನಾಡಿನಲ್ಲಿ ಒಡೆಯ–ಒಕ್ಕಲು ಎಂಬ ಜೋಡಿ ಇನ್ನೂ ಹಿರಿಯರ ಬಾಯಲ್ಲಿರುವುದರಿಂದ ಅರ್ಥವಾಗುತ್ತದೆ. ಕರಾವಳಿಯ ಮೂಲಗೇಣಿಯನ್ನು ಹತ್ತಿರಕ್ಕೆ ತರುವ ಆಸೆಯೂ ಆಯಿತು, ಆದರೆ ಅಲ್ಲಿ ಸಲ್ಲುವುದು ಗೇಣಿ, ಇಲ್ಲಿ ಸಲ್ಲುವುದು ಮುಖ್ಯವಾಗಿ ಮೈದುಡಿಮೆ, ಆದ್ದರಿಂದ ಬಿಟ್ಟೆ. ಸಬ್‌ಇನ್‌ಕ್ವಿಲಿನುಸ್‌ಗೆ 'ಬಿಡಾರದವನು' ಚೆನ್ನಾಗಿ ಹೊಂದುತ್ತದೆ. ನಡುವಿನವನೇ ಕಷ್ಟ. 'ಮನೆ ಒಕ್ಕಲು' ಎಂದು ಬರೆದು ಖುಷಿಪಟ್ಟಿದ್ದೆ, ಉಡುಪಿ ಕಡೆಯ ಸ್ನೇಹಿತರೊಬ್ಬರು ಓದಿ, "ಯಾರ ಮನೆ ಒಕ್ಕಲು, ಊಟ ಯಾವಾಗ?" ಎಂದು ಕೇಳಿದಾಗ, ಅಲ್ಲಿ ಅದು ಗೃಹಪ್ರವೇಶ ಎಂಬುದು ನೆನಪಾಯಿತು. ಅಲ್ಲಿನ ಜರ್ಮನರು ತಮ್ಮ ಮಾತಿನಲ್ಲಿ ಇವನನ್ನು ಕ್ಲೈನ್‌ಹಾಯ್ಸ್‌ಲರ್, ಎಂದರೆ ಚಿಕ್ಕ ಮನೆಯವನು ಎನ್ನುತ್ತಾರೆ. ಕನ್ನಡದಲ್ಲಿ 'ಚಿಕ್ಕಮನೆಯವರು' ಎಂದರೆ ದೊಡ್ಡಮನೆಯ ದಾಯಾದಿಗಳು ಎಂದಾಗುತ್ತದೆಯೇ ಹೊರತು ಬಡತನ ಸೂಚಿತವಾಗುವುದಿಲ್ಲ. ಮನೆಯಿದ್ದು ಹೊಲವಿಲ್ಲದವನಿಗೆ ತಮ್ಮ ಸೀಮೆಯಲ್ಲಿ ಒಂದೇ ಮಾತಿನ ಹೆಸರಿದ್ದರೆ ದಯವಿಟ್ಟು ತಿಳಿಸಬೇಕು. 'ಕೂಲಿಯವ' ಬೇಡ. ಇವರಲ್ಲಿ ನೇಯುವವರೂ ಚಮ್ಮಾರರೂ ಇದ್ದರು, ಪದ ಹೇಳುವುದು ಕಸುಬನ್ನಲ್ಲ, ನೆಲದೊಂದಿಗಿನ ಸಂಬಂಧವನ್ನು.

ಎರಡನೆಯ ತೊಡಕು ನಂಟಿನ ಪದಗಳದು, ಇಲ್ಲಿ ಲ್ಯಾಟಿನ್ನಿಗಿಂತ ಕನ್ನಡವೇ ನನ್ನನ್ನು ಹೆಚ್ಚು ಕಾಡಿದೆ. 'ಗೆನೆರ್' ಎಂದರೆ ಮಗಳ ಗಂಡ. ಅಳಿಯ ಎಂದು ಬರೆದರೆ ಅಕ್ಕತಂಗಿಯರ ಮಗನೂ ಅಳಿಯನೇ ಆಗುವುದರಿಂದ, ಸೋದರಮಾವನ ಮಗಳನ್ನು ತರುವ ಪದ್ಧತಿಯ ನಮ್ಮವರು ಎರಡೂ ಒಂದೇ ಇರಬೇಕೆಂದು ಸಹಜವಾಗಿ ಊಹಿಸುತ್ತಾರೆ. ಕ್ಯಾಥೊಲಿಕ್ ಹಳ್ಳಿಯಲ್ಲಿ ಆ ಊಹೆ ನಡೆಯದು. ಅಲ್ಲಿ ಮುತ್ತಜ್ಜ ಒಬ್ಬನೇ ಆದ ಹುಡುಗ ಹುಡುಗಿ ಮದುವೆಯಾಗಬೇಕಾದರೂ ಚರ್ಚಿನ ವಿಶೇಷ ಅನುಮತಿ ಬೇಕಿತ್ತು, ಅದನ್ನು ಮದುವೆ ಪುಸ್ತಕದಲ್ಲಿ 'ಮೂರನೆಯ ಹಂತದ ರಕ್ತಸಂಬಂಧ' ಎಂದು ನಮೂದಿಸುತ್ತಿದ್ದರು. ವಂಶ ಹುಡುಕುವವರಿಗೆ ಆ ಒಂದು ಸಾಲು ಎರಡು ತಲೆಮಾರಿನ ಕೀಲಿಕೈ. ಹೀಗಾಗಿ ಸದ್ಯ 'ಮಗಳ ಗಂಡ' ಎಂದೇ ಬಿಡಿಸಿ ಬರೆಯುತ್ತಿದ್ದೇನೆ. 'ಸೊರೋರಿಯುಸ್' ಇದಕ್ಕೆ ತಿರುಗುಮುರುಗು: ಒಡಹುಟ್ಟಿದವಳ ಗಂಡ ಎಂಬಷ್ಟೇ ಅದರ ಅರ್ಥ, ಅವಳು ಅಕ್ಕನೋ ತಂಗಿಯೋ ಪಾದ್ರಿಗೆ ಬೇಕಿಲ್ಲ, ಕನ್ನಡಕ್ಕೆ ಬೇಕು. ಜ್ಞಾನಸ್ನಾನದ ಪುಸ್ತಕದಲ್ಲಿ ಇಬ್ಬರ ಹುಟ್ಟಿದ ದಿನವೂ ಸಿಗುವವರೆಗೆ ಭಾವ ಎನ್ನಲೂ ಮೈದುನ ಎನ್ನಲೂ ಧೈರ್ಯವಿಲ್ಲ. 'ನೆಪೋಸ್' ಮೊಮ್ಮಗನೂ ಆಗಬಹುದು, ಸೋದರನ ಅಥವಾ ಸೋದರಿಯ ಮಗನೂ ಆಗಬಹುದು; ಅದನ್ನು ಹಾಗೆಯೇ ಲ್ಯಾಟಿನ್ನಿನಲ್ಲಿ ಇಟ್ಟಿದ್ದೇನೆ.

ಇನ್ನು 'ಎಕ್ಸ್ ಇಂಪೇರಿಯೋ'. ಮೊದಲ ತಲೆಮಾರಿನ ವಲಸೆಗಾರರ ಸಾವಿನ ನಮೂದುಗಳಲ್ಲಿ ಊರಿನ ಹೆಸರಿಗೆ ಬದಲು ಇಷ್ಟೇ ಇರುತ್ತದೆ. 'ಸಾಮ್ರಾಜ್ಯದಿಂದ ಬಂದವನು' ಎಂದರೆ ಹಂಗೇರಿಯೂ ಅದೇ ಹ್ಯಾಬ್ಸ್‌ಬರ್ಗ್ ದೊರೆಯ ಕೆಳಗಿತ್ತಲ್ಲವೇ ಎಂದು ಓದುಗರು ಗೊಂದಲಗೊಳ್ಳುತ್ತಾರೆ. ಪಾದ್ರಿಯ ಮನಸ್ಸಿನಲ್ಲಿದ್ದದ್ದು ಜರ್ಮನ್ ಸೀಮೆಗಳನ್ನು ಒಳಗೊಂಡ ಪವಿತ್ರ ರೋಮನ್ ಸಾಮ್ರಾಜ್ಯ, ಹಂಗೇರಿ ಅದರ ಹೊರಗಿತ್ತು. ಇದನ್ನು 'ಜರ್ಮನ್ ಸೀಮೆಯವನು' ಎಂದು ತಿರುಗಿಸಿದ್ದೇನೆ, ಆಕ್ಷೇಪಣೆ ಇದ್ದರೆ ಹೇಳಿ.

ಇದಕ್ಕೇ ಅಂಟಿಕೊಂಡದ್ದು 'ಶ್ವಾಬ್', ಎಂದರೆ ಸ್ಟುಟ್‌ಗಾರ್ಟ್ ಸುತ್ತಲಿನ ಶ್ವಾಬಿಯಾ ಸೀಮೆಯವನು. ಹಂಗೇರಿಯನ್ನರು ತಮ್ಮ ನಾಡಿನ ಜರ್ಮನರಲ್ಲಿ ಬಹುಪಾಲು ಜನರನ್ನು ಹೀಗೆ ಕರೆಯುತ್ತಾರೆ, ಆದರೆ ಅವರಲ್ಲಿ ಅನೇಕರ ಮೂಲ ಹೆಸ್ಸೆ, ಪ್ಯಾಲಟಿನೇಟ್, ಲೊರೇನ್ ಮುಂತಾದ ಕಡೆ. ತೊಲ್ನಾ ಮತ್ತು ಬರಾನ್ಯಾದಲ್ಲಿ ಫುಲ್ಡಾ ಮಠದ ಸೀಮೆಯಿಂದ ಬಂದವರಿಗೆ 'ಷ್ಟಿಫೊಲ್ಲರ್' ಎಂಬ ಬೇರೆಯ ಹೆಸರೇ ಇದೆ. ಮಾತಿಗೆ ಹೇಳುವುದಾದರೆ, 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ ವುರ್ಟೆಂಬರ್ಗಿನ ಬ್ರಾಕೆನ್‌ಹೈಮ್‌ನಲ್ಲಿ ಹುಟ್ಟಿದವರು, ನಿಜವಾದ ಶ್ವಾಬ್ ಅವರು. ಕನ್ನಡದಲ್ಲಿ 'ಶ್ವಾಬಿಯನ್ನರು' ಎಂದು ಬರೆದರೆ ಮೊಮ್ಮಗಳು ಸ್ಟುಟ್‌ಗಾರ್ಟಿನಲ್ಲಿ ಸುತ್ತಮುತ್ತ ಕಾಣುವ ಜನರೇ ತನ್ನ ಪೂರ್ವಜರೆಂದುಕೊಂಡಾಳು. ಅದಕ್ಕೆ 'ಹಂಗೇರಿಯ ಜರ್ಮನರು' ಎಂದೇ ಬರೆದು, ಬೀಗಿತಿಯವರು ತಾವೇ ಹೇಳಿಕೊಳ್ಳುವ ಕಡೆ ಮಾತ್ರ 'ಶ್ವಾಬ್' ಉಳಿಸಿದ್ದೇನೆ.

ಕೊನೆಯದಾಗಿ ಆ ಪುಸ್ತಕದ್ದೇ ಹೆಸರು. ಹಂಗೇರಿಯನ್ನಿನಲ್ಲಿ ಅದು 'ಅನ್ಯಕೊನ್ಯ್ವ್': ಅನ್ಯ ಎಂದರೆ ತಾಯಿ, ಕೊನ್ಯ್ವ್ ಎಂದರೆ ಪುಸ್ತಕ. ನಮಗೆ ಅನ್ಯವಾದದ್ದು ಅವರಿಗೆ ತಾಯಿ! ಲ್ಯಾಟಿನ್ನಿನ 'ಮಾತ್ರಿಕುಲ'ದೊಳಗಿನ ತಾಯಿಯನ್ನು ಅವರು ತಮ್ಮ ಭಾಷೆಗೆ ಹೀಗೆ ತಂದುಕೊಂಡರು. 1895ರ ಅಕ್ಟೋಬರ್ 1ರಿಂದ ಹುಟ್ಟು, ಮದುವೆ, ಸಾವುಗಳ ನೋಂದಣಿಯನ್ನು ಸರಕಾರವೇ ವಹಿಸಿಕೊಂಡ ಮೇಲೂ ಆ ಹೆಸರು ಬದಲಾಗಲಿಲ್ಲ. ತಾಯಿಬೇರು ಎನ್ನುವ ನಾವು 'ತಾಯಿಪುಸ್ತಕ' ಎನ್ನಬಹುದೇ, ಅಥವಾ 'ಚರ್ಚಿನ ನೋಂದಣಿ ಪುಸ್ತಕ' ಎಂಬ ಸಪ್ಪೆ ಮಾತೇ ಮೇಲೋ? ಮೊದಲನೆಯದನ್ನು ವಂಶಾವಳಿಯ ತಲೆಬರಹದಲ್ಲಿ ಇಡಬೇಕೆಂಬ ಮನಸ್ಸಿದೆ. ಹಾಗಿಟ್ಟರೆ ಅಡಿಯಲ್ಲಿ ಒಂದು ಸಾಲಿನ ವಿವರಣೆ ಸಾಕಾದೀತೇ ಎಂಬುದನ್ನೂ ಬಲ್ಲವರು ಹೇಳಬೇಕು.