ಕಾಲಿನ ಹರಡು ಉಳುಕಿ ಮೂರು ವಾರವಾದರೂ ಬಾವು ಇಳಿದಿಲ್ಲ: ಅನುಭವ ಇದ್ದವರು ದಯವಿಟ್ಟು ತಿಳಿಸಿ

ಮುಧೋಳದ ಅಕ್ಕ: ನನ್ನ ತಮ್ಮನಿಗೆ 24 ವರ್ಷ. ಕಬ್ಬಿನ ಹೊಲದ ಬದುವಿನ ಮೇಲೆ ಕಾಲು ಒಳಕ್ಕೆ ಹೊರಳಿ ಹರಡು ಉಳುಕಿ ಮೂರು ವಾರಗಳಾದವು. ಎಕ್ಸ್‌ರೇ ತೆಗೆಸಿಲ್ಲ. ಒಬ್ಬರು ಪ್ಲಾಸ್ಟರ್ ಎನ್ನುತ್ತಾರೆ, ಒಬ್ಬರು ವ್ಯಾಯಾಮ ಎನ್ನುತ್ತಾರೆ, ಮನೆಯ ಹಿರಿಯರು ಎಲುಬು ಕಟ್ಟುವವರ ಹತ್ತಿರ ಹೋಗೋಣ ಎನ್ನುತ್ತಾರೆ. ನೀವು ಏನು ಮಾಡಿದಿರಿ, ಎಷ್ಟು ಖರ್ಚಾಯಿತು ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಇಳಕಲ್ಲಿನ ನೇಕಾರ: ಅಕ್ಕಾವರೆ, ನಾನು ಕುಣಿಮಗ್ಗದವನು, ಕಾಲು ನಡೆದರೆ ಮಾತ್ರ ನನ್ನ ಮನೆ ನಡೆಯುತ್ತದೆ. ಎರಡು ವರ್ಷದ ಹಿಂದೆ ಕಟ್ಟೆ ಇಳಿಯುವಾಗ ನನ್ನ ಎಡಗಾಲೂ ಹೀಗೆಯೇ ಹೊರಳಿತು. ಬಾವು ಹರಡಿನಲ್ಲಿದ್ದರೂ ನೋವು ಪಾದದ ಹೊರಅಂಚಿನ ನಡುಮಧ್ಯೆ, ಕಿರುಬೆರಳಿನಿಂದ ಹಿಂದಕ್ಕೆ ಬಂದರೆ ಕೈಗೆ ಸಿಗುವ, ಗುಬ್ಬಿಯಂತೆ ಉಬ್ಬಿದ ಎಲುಬಿನ ಹತ್ತಿರ ಇತ್ತು. ಎಲುಬು ಕಟ್ಟುವವರು ಎಣ್ಣೆ ಹಾಕಿ ತಿಕ್ಕಿ, ಬಿದಿರಿನ ದಬ್ಬೆ ಇಟ್ಟು ಬಿಗಿದು, ಮೂರು ಸಲ ಕಟ್ಟು ಬದಲಿಸಿದರು. ಪ್ರತಿ ಸಲಕ್ಕೆ 600 ರೂಪಾಯಿ, ಅದರ ಮೇಲೆ ತೆಂಗಿನಕಾಯಿ, ಊದುಬತ್ತಿ. ಏಳನೆಯ ವಾರದಲ್ಲಿ ಬಾಗಲಕೋಟೆಗೆ ಹೋಗಿ 350 ರೂಪಾಯಿ ಕೊಟ್ಟು ಎಕ್ಸ್‌ರೇ ತೆಗೆಸಿದಾಗ ಅದೇ ಎಲುಬಿನ ಬುಡದಲ್ಲಿ ಕರಿ ಗೆರೆ ಹಾಗೆಯೇ ಇತ್ತು. ಆ ಜಾಗಕ್ಕೆ ರಕ್ತ ಕಡಿಮೆ ಹರಿಯುವುದರಿಂದ ಅಲ್ಲಿನ ಮುರಿತ ತಾನಾಗಿ ಕೂಡುವುದು ನಿಧಾನ ಎಂದು ಡಾಕ್ಟರು ಹೇಳಿದರು. ನೆಲಕ್ಕೆ ಕಾಲೂರದೆ ಆರು ವಾರ ಪ್ಲಾಸ್ಟರ್. ಅದೂ ಸಾಲದೆ ಒಂದು ಸ್ಕ್ರೂ. ಆಸ್ಪತ್ರೆಗೆ 46,000 ಹೋಯಿತು, ಐದು ತಿಂಗಳ ನೇಯ್ಗೆ ಹೋಯಿತು, ಅರ್ಧ ನೇಯ್ದ ಸೀರೆ ಮಗ್ಗದ ಮೇಲೆ ಧೂಳು ತಿನ್ನುತ್ತ ಕೂತಿತು. ಈಗಲೂ ತುಳಿಯುವ ಹಲಗೆಯನ್ನು ಹೊರಅಂಚಿನಿಂದ ಒತ್ತಲಾಗದೆ ಹೆಬ್ಬೆರಳಿನ ಕಡೆಯಿಂದ ಒತ್ತುತ್ತೇನೆ.

ಸವದತ್ತಿ ರಸ್ತೆಯವನು: ಒಬ್ಬರು ತಪ್ಪಿದರೆಂದು ಎಲ್ಲರನ್ನೂ ಹಳಿಯುವುದು ಸರಿಯಲ್ಲ. ನಮ್ಮ ಅಜ್ಜ 40 ವರ್ಷ ಎಲುಬು ಕಟ್ಟಿದವರು, ಯಾರಿಂದಲೂ ಒಂದು ರೂಪಾಯಿ ಕೇಳಿದವರಲ್ಲ. ಮುರಿದದ್ದು ಯಾವುದು, ಉಳುಕಿದ್ದು ಯಾವುದು ಎಂಬುದನ್ನು ಅವರು ಬೆರಳಲ್ಲೇ ಗುರುತಿಸುತ್ತಿದ್ದರು. ಚರ್ಮ ಹರಿದಿದ್ದರೆ ಮುಟ್ಟದೆ ಬೆಳಗಾವಿಗೆ ಕಳಿಸುತ್ತಿದ್ದರು.

ಇಳಕಲ್ಲಿನ ನೇಕಾರ: ನಿಮ್ಮ ಅಜ್ಜನವರಿಗೆ ನನ್ನ ನಮಸ್ಕಾರ. ಆದರೆ ನಾನು ಬರೆದದ್ದು ನನ್ನ ಕಾಲಿನ ವಿಷಯ, ಅದನ್ನು ಬರೆಯಲು ನನಗೆ ಯಾರ ಅಪ್ಪಣೆಯೂ ಬೇಕಿಲ್ಲ.

ಟಿಳಕವಾಡಿ ಬ್ಯಾಡ್ಮಿಂಟನ್: ನನ್ನದು ಹಿಮ್ಮಡಿಯ ಹಿಂದಿನ ದಪ್ಪ ಸ್ನಾಯುರಜ್ಜು ಹರಿದ ಪ್ರಕರಣ. ಆಗ 41 ವರ್ಷ. ಶಟಲ್ ಹಿಡಿಯಲು ಹಿಂದಕ್ಕೆ ಜಿಗಿದಾಗ ಯಾರೋ ಮೀನಖಂಡಕ್ಕೆ ಬ್ಯಾಟಿನಿಂದ ಹೊಡೆದಂತಾಯಿತು. ತಿರುಗಿದರೆ ಯಾರೂ ಇರಲಿಲ್ಲ. ಮೊದಲು ನೋಡಿದ ಕಡೆ ಉಳುಕು ಎಂದು ಮುಲಾಮು ಕೊಟ್ಟು ಕಳಿಸಿದರು. ಮೂರನೆಯ ದಿನ ಇನ್ನೊಬ್ಬ ಡಾಕ್ಟರು ನನ್ನನ್ನು ಬೋರಲು ಮಲಗಿಸಿ, ಪಾದಗಳನ್ನು ಮಂಚದಾಚೆ ಬಿಡಿಸಿ, ಮೀನಖಂಡವನ್ನು ಹಿಂಡಿದರು. ಬಲಪಾದ ತಾನಾಗಿ ಕೆಳಕ್ಕೆ ಬಾಗಿತು, ಎಡಪಾದ ಅಲ್ಲಾಡಲಿಲ್ಲ, ರಜ್ಜು ಹರಿದದ್ದು ಅದರಿಂದಲೇ ಗೊತ್ತಾಯಿತು. ಅರ್ಧ ನಿಮಿಷದ ಆ ಪರೀಕ್ಷೆಯನ್ನು ಮೊದಲ ದಿನವೇ ಯಾರಾದರೂ ಮಾಡಬಹುದಿತ್ತು ಎಂಬ ಕೊರಗು ಇಂದಿಗೂ ಇದೆ. ಶಸ್ತ್ರಚಿಕಿತ್ಸೆಗೆ 90,000 ಹೇಳಿದ್ದರು. ನಾನು ಒಪ್ಪಲಿಲ್ಲ. ಹಿಮ್ಮಡಿಯ ಕೆಳಗೆ ಬೆಣೆಗಳಿರುವ ಬೂಟು 6,800 ರೂಪಾಯಿ. ಪಾದ ಕೆಳಮುಖವಾಗಿಟ್ಟು ಒಂದೊಂದೇ ಬೆಣೆ ತೆಗೆಯುತ್ತ ಹತ್ತು ವಾರ ಹಾಕಿದೆ. ಫಿಜಿಯೋಥೆರಪಿ 400ರಂತೆ 38 ಸಲ. ಇದೇ ರಜ್ಜು ಹರಿದವರ ಮೇಲೆ ನಡೆದ ನಾರ್ವೆಯ 2022ರ ಅಧ್ಯಯನದಲ್ಲಿಯೂ ವರ್ಷದ ನಂತರ ಕೊಯ್ಯಿಸಿಕೊಂಡವರಿಗೂ ಕೊಯ್ಯಿಸಿಕೊಳ್ಳದವರಿಗೂ ಕಾಲಿನ ಕೆಲಸದಲ್ಲಿ ವ್ಯತ್ಯಾಸ ಕಾಣಲಿಲ್ಲ. ಕತ್ತರಿಗೆ ಓಡುವವರು ಸ್ವಲ್ಪ ತಾಳ್ಮೆ ಕಲಿಯಬೇಕು.

ವಿಜಯಪುರದ ದ್ರಾಕ್ಷಿ ತೋಟ: ತಾಳ್ಮೆಯ ಮಾತನ್ನು ನನಗೆ ಹೇಳಬೇಡಿ. ಟ್ರ್ಯಾಕ್ಟರಿನಿಂದ ಇಳಿಯುವಾಗ ನನ್ನ ಹರಡಿನ ಒಳಬದಿಯ, ಹೊರಬದಿಯ ಎರಡೂ ಎಲುಬಿನ ಗಂಟುಗಳು ಮುರಿದು ಪಾದ ಪಕ್ಕಕ್ಕೆ ತಿರುಗಿ ನಿಂತಿತ್ತು. ಅದನ್ನು ಬೂಟಿನಲ್ಲಿ ಕೂಡಿಸಲು ಬರುತ್ತದೆಯೇ? ಬಾವಿನಿಂದ ಚರ್ಮದ ಮೇಲೆ ಬೊಬ್ಬೆ ಎದ್ದದ್ದರಿಂದ ಒಂಬತ್ತು ದಿನ ಕಾಲು ಎತ್ತರಕ್ಕಿಟ್ಟು ಕಾದು, ಬಾವು ಇಳಿದು ಚರ್ಮ ಸುಕ್ಕುಗಟ್ಟಿದ ಮೇಲೆ ಪ್ಲೇಟು ಹಾಕಿದರು. ಒಟ್ಟು 1,38,000. ನಮ್ಮದು ಎಪಿಎಲ್ ಕಾರ್ಡು. ಆರೋಗ್ಯ ಕರ್ನಾಟಕದಲ್ಲಿ ಯೋಜನೆಯ ದರದ ಶೇಕಡಾ 30 ಮಾತ್ರ ಸಿಗುತ್ತದೆ, ಸರ್ಕಾರಿ ಆಸ್ಪತ್ರೆಯ ಶಿಫಾರಸು ಚೀಟಿಯಿಲ್ಲದೆ ಖಾಸಗಿಗೆ ಹೋದದ್ದರಿಂದ ಅದೂ ಕೈತಪ್ಪಿತು. ಎರಡು ಎಲುಬುಗಳನ್ನು ಹಿಡಿದಿಡಲು ಹಾಕಿದ್ದ ಉದ್ದನೆಯ ಸ್ಕ್ರೂ ತೆಗೆಸಲು ಮತ್ತೆ 17,000. ಆ ವರ್ಷ ಚಾಟನಿ, ಅಂದರೆ ಬಳ್ಳಿ ಕತ್ತರಿಸುವ ಸಮಯದಲ್ಲಿ ನಾನು ತೋಟದಲ್ಲಿ ಇರಲಿಲ್ಲ, ಇಳುವರಿ ಅರ್ಧಕ್ಕೆ ಬಂತು. ಆದರೂ ಇಂದು ನನ್ನ ಕಾಲ ಮೇಲೆ ನಿಂತಿದ್ದೇನೆ, ಅದು ಕತ್ತರಿಯಿಂದಲೇ.

ಟಿಳಕವಾಡಿ ಬ್ಯಾಡ್ಮಿಂಟನ್: ನಾನು ಎಲುಬಿನ ವಿಷಯ ಬರೆದಿರಲಿಲ್ಲ. ಓದಿ ಉತ್ತರ ಕೊಡಿ.

ವಿಜಯಪುರದ ದ್ರಾಕ್ಷಿ ತೋಟ: ಕತ್ತರಿಗೆ ಓಡುವವರು ಎಂದು ಬರೆದವರು ನೀವೇ. ಓದಿಯೇ ಬರೆದಿದ್ದೇನೆ.

ನವನಗರದ ಫಿಜಿಯೋ: ನಾರ್ವೆಯ ಅಧ್ಯಯನವನ್ನು ಹೇಳಿದರೆ ಪೂರ್ತಿ ಹೇಳಬೇಕು. ಶಸ್ತ್ರಚಿಕಿತ್ಸೆ ಇಲ್ಲದ ಗುಂಪಿನಲ್ಲಿ ನೂರಕ್ಕೆ ಸುಮಾರು ಆರು ಮಂದಿಗೆ ರಜ್ಜು ಮತ್ತೆ ಹರಿಯಿತು, ಶಸ್ತ್ರಚಿಕಿತ್ಸೆಯ ಗುಂಪುಗಳಲ್ಲಿ ಒಬ್ಬರಿಗಿಂತ ಕಡಿಮೆ. ಪ್ರತಿಯಾಗಿ, ನರಕ್ಕೆ ಪೆಟ್ಟಾದದ್ದು ಶಸ್ತ್ರಚಿಕಿತ್ಸೆಯಲ್ಲಿ ಹೆಚ್ಚು. ಎರಡರಲ್ಲಿಯೂ ಬೆಲೆ ತೆರಬೇಕು. ಇನ್ನು ಉಳುಕಿನ ಮಾತು. ಕೆನಡಾದ ಒಟ್ಟಾವಾದಲ್ಲಿ 1992ರಲ್ಲಿ ರೂಪಿಸಿದ ನಿಯಮವನ್ನು ನಾವು ದಿನವೂ ಬಳಸುತ್ತೇವೆ: ಹರಡಿನ ಎರಡೂ ಗಂಟುಗಳ ಹಿಂಅಂಚಿನ ಕೆಳತುದಿಯ 6 ಸೆಂಟಿಮೀಟರ್, ನೇಕಾರಣ್ಣನವರು ಹೇಳಿದ ಆ ಗುಬ್ಬಿ, ಪಾದದ ಒಳಬದಿಯ ದೋಣಿ ಆಕಾರದ ಎಲುಬು, ಇವುಗಳ ಮೇಲೆ ಒತ್ತಿದಾಗ ನೋವಿದ್ದರೆ, ಇಲ್ಲವೆ ಪೆಟ್ಟಾದ ಕೂಡಲೇ ಮತ್ತು ಪರೀಕ್ಷೆಯ ವೇಳೆಯಲ್ಲಿ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಎಕ್ಸ್‌ರೇ ಬೇಕು. ಆ ನಿಯಮ ಹೊಸ ಪೆಟ್ಟಿಗೆ ಮಾಡಿದ್ದು. ಮೂರು ವಾರವಾದರೂ ಬಾವಿದ್ದರೆ ನಿಯಮ ಎಣಿಸುತ್ತ ಕೂಡದೆ ಎಕ್ಸ್‌ರೇ ತೆಗೆಸುವುದೇ ಸರಿ. ನನ್ನ ಸಂಕಟ ಬೇರೆ. ಮುರಿದಿಲ್ಲ ಎಂದು ಗೊತ್ತಾದ ದಿನವೇ ಜನ ಒಂಟಿಗಾಲಲ್ಲಿ ನಿಲ್ಲುವಂಥ ವ್ಯಾಯಾಮವನ್ನು ಮರೆಯುತ್ತಾರೆ. ಹೊರಬದಿಯಲ್ಲಿ ಎಲುಬುಗಳನ್ನು ಹಿಡಿದಿಡುವ ಕಟ್ಟು (ಲಿಗಮೆಂಟ್) ಸಡಿಲಾಗಿ, ಪಾದ ಎಲ್ಲಿದೆ ಎಂಬ ಅರಿವು ಮಂದವಾಗಿ, ಅದೇ ಹರಡು ಮತ್ತೆ ಮತ್ತೆ ಹೊರಳುತ್ತದೆ. ನಾನೇ ಕಾಲೇಜಿನ ಖೋಖೋ ತಂಡದಲ್ಲಿದ್ದಾಗ ಹೀಗೆ ನಾಲ್ಕು ಸಲ ಉಳುಕಿಸಿಕೊಂಡು ಆಟ ಬಿಟ್ಟವಳು.

ಸವದತ್ತಿ ರಸ್ತೆಯವನು: ಒಂಟಿಗಾಲಲ್ಲಿ ನಿಲ್ಲಿಸಿ 400 ರೂಪಾಯಿ ತೆಗೆದುಕೊಳ್ಳುವವರ ಬಗ್ಗೆ ಯಾರೂ ಮಾತಾಡುವುದಿಲ್ಲ. ಎಲುಬು ಕಟ್ಟುವವರ 600 ಮಾತ್ರ ಎಲ್ಲರ ಕಣ್ಣಿಗೆ ಬೀಳುತ್ತದೆ.

ನವನಗರದ ಫಿಜಿಯೋ: ಒಂಟಿಗಾಲಲ್ಲಿ ನಿಲ್ಲುವುದನ್ನು ಮನೆಯಲ್ಲಿಯೇ, ಗೋಡೆಯ ಪಕ್ಕದಲ್ಲಿ, ಬಿಟ್ಟಿಯಾಗಿ ಮಾಡಿರಿ ಎಂದು ಮೊದಲ ದಿನವೇ ಹೇಳಿ ಕಳಿಸುವವಳು ನಾನು. ತಿಳಿಯದೆ ಆಡಬೇಡಿ.

ಮುಧೋಳದ ಅಕ್ಕ: ಎಲ್ಲರಿಗೂ ಉಪಕಾರ. ಈಗಷ್ಟೇ ತಮ್ಮನ ಪಾದದ ಹೊರಅಂಚಿನ ಆ ಗುಬ್ಬಿಯನ್ನು ಒತ್ತಿ ನೋಡಿದೆ, ಏನೂ ಆಗಲಿಲ್ಲ. ಆದರೆ ಹೊರಗಂಟಿನ ಹಿಂದೆ ಬೆರಳು ಇಟ್ಟ ಕೂಡಲೇ ಕಾಲು ಎಳೆದುಕೊಂಡ. ನಾಳೆ ಬೆಳಗಿನ ಬಸ್ಸಿಗೆ ಎಕ್ಸ್‌ರೇಗೆ ಕರೆದೊಯ್ಯುತ್ತೇವೆ.

ವಿಜಯಪುರದ ದ್ರಾಕ್ಷಿ ತೋಟ: ಪ್ಲೇಟು ಬೇಕೆಂದರೆ ಮೊದಲೇ ಸರ್ಕಾರಿ ಆಸ್ಪತ್ರೆಯ ಚೀಟಿ ಮಾಡಿಸಿಕೊಳ್ಳಿ ಅಕ್ಕಾ, ನನ್ನ ಹಾಗೆ ಮಾಡಬೇಡಿ. ಟಿಳಕವಾಡಿಯವರಿಗೆ ಒಂದು ಪ್ರಶ್ನೆ: ಎಡಗಾಲೊಂದರಲ್ಲೇ ನಿಂತು ಹಿಮ್ಮಡಿ ಎತ್ತಲು ನಿಮಗೆ ಎಷ್ಟು ಸಲ ಆಗುತ್ತದೆ?

ಟಿಳಕವಾಡಿ ಬ್ಯಾಡ್ಮಿಂಟನ್: ಬಲಗಾಲಿಗೆ 25, ಎಡಗಾಲಿಗೆ 14. ಮೀನಖಂಡ ಇನ್ನೂ ಎರಡು ಸೆಂಟಿಮೀಟರ್ ಸಣ್ಣದಿದೆ. ಹೋದ ತಿಂಗಳು 11 ಆಗುತ್ತಿತ್ತು.