ಜಕ್ಕೂರಿನಿಂದ ಶಿವಮೊಗ್ಗಕ್ಕೆ ಮೊದಲ ಕ್ರಾಸ್ ಕಂಟ್ರಿ: ಹಾರಿದವರು ಹೇಳಿ

ಎಲ್ಲರಿಗೂ ನಮಸ್ಕಾರ. ನಮ್ಮೂರು ಶಿವಮೊಗ್ಗ. ಬೆಂಗಳೂರಿನ ಜಕ್ಕೂರಿನಲ್ಲಿ ವಿಮಾನ ಹಾರಿಸಲು ಕಲಿಯುತ್ತಿದ್ದೇನೆ. ಮುಂದಿನ ತಿಂಗಳು ಸೆಸ್ನಾ 172 ಎಂಬ ಪುಟ್ಟ ವಿಮಾನದಲ್ಲಿ ನಮ್ಮೂರಿನ ಸೋಗಾನೆ ವಿಮಾನ ನಿಲ್ದಾಣಕ್ಕೆ ಸೋಲೋ, ಅಂದರೆ ಒಬ್ಬಳೇ, ಬರಬೇಕು. ಒಂದು ನಿಲ್ದಾಣದಿಂದ ದೂರದ ಇನ್ನೊಂದಕ್ಕೆ ಹಾರುವುದಕ್ಕೇ ಕ್ರಾಸ್ ಕಂಟ್ರಿ ಅನ್ನುತ್ತಾರೆ. ಮನೆಯವರೆಲ್ಲ ಕಾಯುತ್ತಿದ್ದಾರೆ. ನ್ಯಾವಿಗೇಶನ್ (ದಾರಿ ಕಂಡುಕೊಳ್ಳುವ ಲೆಕ್ಕ) ಓದಿದ್ದೇನೆ. ಆದರೆ ನಕ್ಷೆ ಹರಡಿ ಕೂತರೆ ಎಲ್ಲಿಂದ ಶುರು ಮಾಡಬೇಕು ಅಂತಲೇ ತಿಳಿಯುತ್ತಿಲ್ಲ.

ಸಾಗರದ ಅಣ್ಣ:
ತಂಗಿ, ಇದೇ ದಾರಿಯಲ್ಲಿ ನಾನೂ ಬಂದಿದ್ದೇನೆ. ಮೊದಲು ಗಾಳಿ ಇಲ್ಲ ಅಂತಲೇ ಲೆಕ್ಕ ಹಾಕು. ನೇರ ಗೆರೆ ಎಳೆದರೆ ಸುಮಾರು 125 ನಾಟಿಕಲ್ ಮೈಲಿ, ದಿಕ್ಕು ಉತ್ತರದಿಂದ ಬಲಕ್ಕೆ ಎಣಿಸಿದರೆ ಸುಮಾರು 292 ಡಿಗ್ರಿ. 100 ನಾಟ್ ವೇಗಕ್ಕೆ, ಅಂದರೆ ಗಂಟೆಗೆ 100 ನಾಟಿಕಲ್ ಮೈಲಿಗೆ, ಒಂದೂಕಾಲು ಗಂಟೆ. ಆಮೇಲೆ ಗಾಳಿ ಸೇರಿಸು. 240 ಡಿಗ್ರಿ ಕಡೆಯಿಂದ 20 ನಾಟ್ ಬೀಸುತ್ತಿದೆ ಅಂತಿಟ್ಟುಕೋ. ಮೂತಿಯನ್ನು 9 ಡಿಗ್ರಿ ಎಡಕ್ಕೆ ತಿರುಗಿಸಿ 283 ಹಿಡಿಯಬೇಕು. ನೆಲದ ಮೇಲಿನ ವೇಗ 86ಕ್ಕೆ ಇಳಿಯುತ್ತದೆ, ಸಮಯ 87 ನಿಮಿಷ ಆಗುತ್ತದೆ. ಆ 12 ನಿಮಿಷಕ್ಕೂ ಇಂಧನ ಬೇಕಲ್ವಾ? ನಮ್ಮ ಕಡೆ ಮ್ಯಾಗ್ನೆಟಿಕ್ ವೇರಿಯೇಶನ್ (ನಕ್ಷೆಯ ಉತ್ತರಕ್ಕೂ ದಿಕ್ಸೂಚಿಯ ಉತ್ತರಕ್ಕೂ ಇರುವ ವ್ಯತ್ಯಾಸ) ಪಶ್ಚಿಮಕ್ಕೆ, ಅದೂ ಸ್ವಲ್ಪವೇ. ಆದರೂ ಕೂಡಿಸುವುದನ್ನು ಬಿಡಬೇಡ.

ಹೊರಡುವಾಗ ನೇರ ಗೆರೆ ಸಿಗಲಿಕ್ಕಿಲ್ಲ, ಪಕ್ಕದಲ್ಲೇ ಯಲಹಂಕ ವಾಯುನೆಲೆ ಇದೆ. ಗೆರೆಗೆ ಬಂದ ಮೇಲೆ ತುಮಕೂರು ಬಲಕ್ಕೆ, ಚಿಕ್ಕನಾಯಕನಹಳ್ಳಿ ಹೆಚ್ಚುಕಡಿಮೆ ಕಾಲ ಕೆಳಗೆ, ಬೀರೂರು ಮತ್ತು ತರೀಕೆರೆ ಎಡಕ್ಕೆ. ಬೀರೂರಿನಿಂದ ಕವಲೊಡೆದ ರೈಲು ಹಳಿ ಎಡದಲ್ಲೇ ಬಂದು ಭದ್ರಾವತಿ ಹತ್ತಿರ ನಿನ್ನ ಗೆರೆ ದಾಟುತ್ತದೆ. ಈ ದಾರಿಯಲ್ಲಿ ಅದಕ್ಕಿಂತ ಒಳ್ಳೆಯ ಗುರುತು ಇಲ್ಲ. ಪ್ರತಿ ಊರಿನ ಮುಂದೆ ಎಷ್ಟನೇ ನಿಮಿಷಕ್ಕೆ ಕಾಣಬೇಕು ಅಂತ ಬರೆದುಕೋ.

ನಾನು ಎಡವಿದ್ದು ಇಲ್ಲೇ. ಕೆಳಗೆ ಕಂಡ ಊರನ್ನು ತರೀಕೆರೆ ಅಂದುಕೊಂಡೆ. ಅದು ಬೀರೂರು. ಕೆರೆ, ತೋಟ, ಹಳಿ ಎಲ್ಲವೂ ನಕ್ಷೆಗೆ ಸರಿಹೊಂದಿದ ಹಾಗೇ ಕಂಡವು. ಏಳು ನಿಮಿಷ ಬೇಗ ಬಂದಿದ್ದೇನೆ ಅಂತ ಗಡಿಯಾರ ಹೇಳುತ್ತಿತ್ತು, ನಾನು ನೋಡಲೇ ಇಲ್ಲ. ಈಗ ಮೊದಲು ಗಡಿಯಾರ, ಆಮೇಲೆ ನಕ್ಷೆ, ಕೊನೆಗೆ ಕಿಟಕಿ.

ಇನ್ನೊಂದು. 60 ಮೈಲಿ ಹೋಗುವಷ್ಟರಲ್ಲಿ 1 ಮೈಲಿ ಪಕ್ಕಕ್ಕೆ ಸರಿದಿದ್ದರೆ 1 ಡಿಗ್ರಿ ತಪ್ಪಿದ್ದೀಯ ಅಂತ ಲೆಕ್ಕ. 5 ಡಿಗ್ರಿ ತಪ್ಪಿ ಸುಮ್ನೆ ಹೋಗುತ್ತಿದ್ದರೆ ಕೊನೆಗೆ 10 ಮೈಲಿ ಆಚೆ ಇರುತ್ತೀಯ. ಚಳಿಗಾಲದ ಈಶಾನ್ಯ ಗಾಳಿ ನಿನ್ನನ್ನು ಎಡಕ್ಕೆ, ಬಾಬಾಬುಡನ್‌ಗಿರಿ ಕಡೆಗೇ ತಳ್ಳುತ್ತದೆ. ಅಲ್ಲಿನ ಮುಳ್ಳಯ್ಯನಗಿರಿ 6330 ಅಡಿ. ಆದ್ದರಿಂದ ಚಿಕ್ಕನಾಯಕನಹಳ್ಳಿಯಲ್ಲೇ ತಪ್ಪು ಅಳೆದು ತಿದ್ದಿಕೋ.

ತೀರ್ಥಹಳ್ಳಿಯ ಅಕ್ಕ:
ಬೆಂಗಳೂರಲ್ಲಿ ಆಕಾಶ ತಿಳಿಯಾಗಿದೆ ಅಂತ ಬೆಳಿಗ್ಗೆ ಬೇಗ ಹೊರಡಬೇಡ ಮಾರಾಯ್ತಿ. ಚಳಿಗಾಲದಲ್ಲಿ ಇಲ್ಲಿ ಮಂಜು ಕಣಿವೆ ತುಂಬ ಕೂತಿರುತ್ತದೆ. ಬಿಸಿಲು ಏರಿದ ಮೇಲೇ ಕರಗುವುದು. ಎಲ್ಲಿಂದ ವಾಪಸ್ ತಿರುಗುವುದು ಅಂತ ಮನೆಯಲ್ಲೇ ಗುರುತು ಹಾಕು. ನನಗೆ ಅದು ಬೀರೂರು. ಅಲ್ಲಿಂದ ಬೆಟ್ಟದ ಬುಡ ಕಾಣದಿದ್ದರೆ ಮುಂದೆ ಹೋಗುವುದಿಲ್ಲ. ಆಕಾಶದಲ್ಲಿ ಕೂತು ಯೋಚಿಸಿದರೆ ಇನ್ನೂ ಸ್ವಲ್ಪ ಹೋಗಿ ನೋಡೋಣ ಅನಿಸುತ್ತದೆ, ಊರು ಹತ್ತಿರ ಬಂದಾಗ ಇನ್ನೂ ಜಾಸ್ತಿ.

ಹಿನ್ನೀರಿನ ಆಕಾರ ನಂಬಬೇಡ. ಬೇಸಿಗೆಯಲ್ಲಿ ಲಿಂಗನಮಕ್ಕಿ ಮೇಲೆ ಹೋದಾಗ ನಕ್ಷೆಯಲ್ಲಿ ನೀಲಿ ಇದ್ದಲ್ಲಿ ಕೆಂಪು ಮಣ್ಣು ಕಂಡು ಗಾಬರಿಯಾಗಿದ್ದೆ. ಭದ್ರಾ ಹಿನ್ನೀರೂ ಹಾಗೇ ಇಳಿಯುತ್ತದೆ. ಅಣೆಕಟ್ಟಿನ ಗೋಡೆ ಬದಲಾಗುವುದಿಲ್ಲ, ಅದನ್ನು ಹುಡುಕು.

ಭದ್ರಾವತಿಯಿಂದ ಒಬ್ಬರು:
ನಿಮ್ಮ ಸೆಸ್ನಾಗೆ ಬೇಕಾದ ಅವ್‌ಗ್ಯಾಸ್ (ಪುಟ್ಟ ವಿಮಾನಗಳ ಪೆಟ್ರೋಲ್) ಎಲ್ಲ ನಿಲ್ದಾಣಗಳಲ್ಲೂ ಸಿಗುವುದಿಲ್ಲ. ಫೋನ್ ಮಾಡಿ ಕೇಳಿ, ಇಲ್ಲ ಅಂದರೆ ಹೋಗಿ ಬರುವಷ್ಟು ತುಂಬಿಸಿ, ಮೇಲೆ ಒಂದು ಗಂಟೆಯದ್ದು ಇಟ್ಟುಕೊಳ್ಳಿ. ಎಫ್‌ಐಸಿ (ಹಾರಾಟ ಮಾಹಿತಿ ಕೇಂದ್ರ) ಮತ್ತು ಎಡಿಸಿ (ವಾಯು ರಕ್ಷಣಾ ಅನುಮತಿ) ನಂಬರ್ ಬರೆದುಕೊಳ್ಳದೆ ಹೊರಡಬೇಡಿ. ಟ್ಯಾಬ್ಲೆಟ್ ಇರಲಿ, ಆದರೆ ನನ್ನದು ಬಿಸಿಲಿಗೆ ಕಾದು ದಾರಿಯಲ್ಲೇ ಆಫ್ ಆಗಿತ್ತು. ತೊಡೆಯ ಮೇಲೆ ಕಾಗದ ಇದ್ದಿದ್ದರಿಂದ ಊರು ಮುಟ್ಟಿದೆ.

ಕೇಳಿದವಳು:
ರಾತ್ರಿಯೆಲ್ಲ ಕೂತು ಲೆಕ್ಕ ಹಾಕಿದೆ. ಅಣ್ಣ ಹೇಳಿದ ಗಾಳಿಗೆ ಬೀರೂರು 70ನೇ ನಿಮಿಷ, ತರೀಕೆರೆ 77. ಬೀರೂರಿಗೆ ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದೇನೆ ಅಕ್ಕ. ಅಮ್ಮನಿಗೂ ಹೇಳಿಬಿಟ್ಟೆ, ಮಂಜಿದ್ದರೆ ಅವತ್ತು ಬರಲ್ಲ, ಅಡುಗೆ ಮಾಡಿಕೊಂಡು ಕಾಯಬೇಡ ಅಂತ.