ಸಹಾಯ ಬೇಕು: ಅಮ್ಮನಿಗೆ ಆಗಿರುವುದು ಹುಳುಕಡ್ಡಿಯೋ, ಇಸಬೋ?

ನಮ್ಮದು ಮೂಡಿಗೆರೆ ಹತ್ತಿರ. ಜೂನ್‌ನಲ್ಲಿ ಅಮ್ಮನ ಸೊಂಟದ ಸುತ್ತ, ಸೀರೆ ಬಿಗಿಯುವ ಜಾಗದಲ್ಲಿ, ಉಂಗುರದ ತರ ಕೆಂಪು ಕಲೆ ಶುರುವಾಯಿತು. ವಿಪರೀತ ತುರಿಕೆ. ಮಳೆಗಾಲ, ತೋಟದ ಕೆಲಸ, ಬಟ್ಟೆ ಒಣಗುವುದೇ ಇಲ್ಲ. ನಮ್ಮ ಕಡೆಯವರಿಗೆ ಗೊತ್ತಲ್ವಾ.

ಮೆಡಿಕಲ್ ಶಾಪಿನಲ್ಲಿ ಒಂದು ಟ್ಯೂಬ್ ಕೊಟ್ಟರು. ಮೂರೇ ದಿನಕ್ಕೆ ತುರಿಕೆ ನಿಂತಿತು. ಹಚ್ಚುವುದು ಬಿಟ್ಟ ವಾರದಲ್ಲೇ ಮೊದಲಿಗಿಂತ ಜಾಸ್ತಿ ಹರಡಿತು. ಹೀಗೇ ಮೂರು ಟ್ಯೂಬ್ ಮುಗಿಯಿತು. ಆಮೇಲೆ ಓದಿ ನೋಡಿದರೆ ಕ್ಲೋಬೆಟಾಸಾಲ್, ಅಂದರೆ ಜೋರು ಸ್ಟಿರಾಯ್ಡ್. ಕೇಳದೆ ಸುಮ್ನೆ ಹಚ್ಚಿದ್ದು ನಮ್ಮದೂ ತಪ್ಪೇ.

ಈಗ ಉಂಗುರವೂ ಇಲ್ಲ, ಅಂಚೂ ಇಲ್ಲ. ಒಬ್ಬ ಡಾಕ್ಟರ್ ಇಸಬು ಅಂದರು. ಇನ್ನೊಬ್ಬರು ಸೋರಿಯಾಸಿಸ್ ಇರಬಹುದು ಅಂದರು. ಇಬ್ಬರೂ ಚರ್ಮ ಕೆರೆದು ಪರೀಕ್ಷೆ ಮಾಡಲಿಲ್ಲ. ಸ್ಟಿರಾಯ್ಡ್ ಹಚ್ಚಿದರೆ ಹುಳುಕಡ್ಡಿ ವೇಷ ಬದಲಿಸುತ್ತದೆ, ಅದಕ್ಕೆ ಟೀನಿಯಾ ಇನ್‌ಕಾಗ್ನಿಟೊ ಎಂದು ಹೆಸರು ಅಂತ ಓದಿದೆ. ನನ್ನ ಗೊಂದಲ ಇಲ್ಲೇ. ಇಸಬಾದರೆ ಸ್ಟಿರಾಯ್ಡೇ ಔಷಧಿ, ಹುಳುಕಡ್ಡಿಯಾದರೆ ಆ ಫಂಗಸ್‌ಗೆ ಅದೇ ಗೊಬ್ಬರ! ಮೇಲಾಗಿ ಅಮ್ಮನ ಜೊತೆ ಮಲಗುವ ನನ್ನ ಮಗಳ ತೊಡೆಯಲ್ಲೂ ಮೊನ್ನೆ ಒಂದು ಉಂಗುರ ಕಂಡಿತು. ಇಸಬು ಅಂಟುವುದಿಲ್ಲ ಅಲ್ವಾ?

ಹಾಸನದ ಹಿಮ್ಸ್ ಆಸ್ಪತ್ರೆಯಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ, ಫಂಗಸ್ ಇದೆಯಾ ಅಂತ ಚರ್ಮ ಕೆರೆದು ನೋಡುವ ಕೆಒಎಚ್ ಪರೀಕ್ಷೆ ಮಾಡಿಸಿದವರು ಯಾರಾದರೂ ಇದ್ದೀರಾ? ಯಾವ ದಿನ ಹೋಗಬೇಕು? ಅದಕ್ಕೂ ಮೊದಲು ಮುಲಾಮು ಎಷ್ಟು ದಿನ ನಿಲ್ಲಿಸಲು ಹೇಳಿದರು?